ಹೆಬ್ಬೆಟ್ಟು ಕೊಟ್ಟವರು, ಲೆಕ್ಕ ಕೊಡದವರು

ಕನ್ನಡದಲ್ಲಿ 'ಹೆಬ್ಬೆಟ್ಟು' ಎಂಬ ಮಾತು ಬಹುಕಾಲ ಬೈಗುಳಕ್ಕೆ ಹತ್ತಿರವಾಗಿತ್ತು. ಅವನೊಬ್ಬ ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವನು, ಸಾಹುಕಾರ ತೋರಿಸಿದ ಕಡೆ ಬೆರಳೊತ್ತಿ ಹೊಲ ಕಳೆದುಕೊಳ್ಳುವವನು ಎಂದೇ ಅರ್ಥ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಹೆಬ್ಬೆಟ್ಟಿನಿಂದ ಸಹಿಗೆ ಬರುವುದನ್ನು ದೊಡ್ಡ ಬಡ್ತಿಯೆಂದು ಎಣಿಸಲಾಗುತ್ತಿತ್ತು. ಈಗ ಪದವಿ ಪಡೆದವರೂ, ಇಂಗ್ಲಿಷಿನಲ್ಲಿ ಸೊಗಸಾಗಿ ಸಹಿ ಹಾಕಬಲ್ಲವರೂ ಪುಟ್ಟ ಗಾಜಿನ ಯಂತ್ರದ ಮೇಲೆ ಬೆರಳಿಟ್ಟು ಹಸಿರು ದೀಪ ಹತ್ತುವುದನ್ನು ಕಾಯುತ್ತಾರೆ. ಬ್ಯಾಂಕು ಎಲ್ಲರನ್ನೂ ಹೆಬ್ಬೆಟ್ಟುಗಳನ್ನಾಗಿ ಮಾಡಿದೆ.

ಬ್ಯಾಂಕಿನ ವ್ಯವಹಾರ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. 'ನೀವು ಯಾರು?' ಎಂದು ಬ್ಯಾಂಕು ಗ್ರಾಹಕನನ್ನು ಕೇಳುತ್ತದೆ. 'ನಾನು ಕೊಟ್ಟ ಹಣ ಎಲ್ಲಿದೆ?' ಎಂದು ಗ್ರಾಹಕ ಬ್ಯಾಂಕನ್ನು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಉತ್ತರ ಪಡೆಯುವ ಉಪಾಯಗಳು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಹರಿತವಾಗುತ್ತಲೇ ಬಂದಿವೆ. ಎರಡನೆಯ ಪ್ರಶ್ನೆಯ ಕಥೆ ಹಾಗಲ್ಲ. ಭಾರತದಲ್ಲಿ ಈ ಎರಡೂ ಕಥೆಗಳು ಹಲವೆಡೆ ಒಂದನ್ನೊಂದು ಹಾದುಹೋಗಿವೆ.

ಬೆರಳ ಗುರುತನ್ನು ಸರಕಾರಿ ಕಾಗದಕ್ಕೆ ತಂದದ್ದು ಈ ದೇಶದಲ್ಲಿಯೇ. 1858ರ ಜುಲೈ ತಿಂಗಳು; ಸಿಪಾಯಿ ದಂಗೆಯ ಕಾವು ಇನ್ನೂ ಆರಿರಲಿಲ್ಲ. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ತರುಣ ಅಧಿಕಾರಿ ರಸ್ತೆಗೆ ಹಾಕುವ ಜಲ್ಲಿಯಂಥ ಸಾಮಗ್ರಿಗಾಗಿ ರಾಜ್ಯಧರ್ ಕೊನಾಯ್ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡ. ಸಹಿಯ ಹೊತ್ತಿಗೆ ಅವನಿಗೊಂದು ಯೋಚನೆ ಹೊಳೆಯಿತು. ಕಚೇರಿಯ ಮೊಹರಿಗೆ ಬಳಸುವ ಎಣ್ಣೆ ಶಾಯಿಯನ್ನು ಕೊನಾಯ್‌ನ ಅಂಗೈಗೆ ಬಳಿದು, ಕರಾರಿನ ಹಿಂಬದಿಯಲ್ಲಿ ಇಡೀ ಹಸ್ತವನ್ನೇ ಒತ್ತಿಸಿಕೊಂಡ. ಕೊನಾಯ್‌ಗೆ ಬರೆಯಲು ಬಾರದೆ ಹೀಗೆ ಮಾಡಿದ್ದೆಂದು ತಿಳಿಯಬಾರದು. ಆ ಕರಾರನ್ನು ಸ್ವಹಸ್ತದಿಂದ ಬರೆದವನೇ ಅವನು. ಮುಂದೆ 'ಇದು ನನ್ನ ಸಹಿಯಲ್ಲ' ಎನ್ನದ ಹಾಗೆ ಅವನನ್ನು ಹೆದರಿಸಿಡುವುದು ತನ್ನ ಉದ್ದೇಶವಾಗಿತ್ತೆಂದು ಹರ್ಷೆಲ್ ವೃದ್ಧಾಪ್ಯದಲ್ಲಿ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ದಾಖಲೆಯಲ್ಲಿ ಉಳಿದ ಈ ಮೊದಲ 'ಹೆಬ್ಬೆಟ್ಟು' ಅಕ್ಷರಸ್ಥನದು.

1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾದಾಗ ಹರ್ಷೆಲ್ ಇದನ್ನು ಮೂರು ಕಡೆ ಜಾರಿಗೆ ತಂದ. ಪಿಂಚಣಿ ಪಡೆಯುವವರಿಂದ ಬೆರಳ ಗುರುತು ತೆಗೆಸಿದ. ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಎತ್ತುವುದನ್ನು ತಡೆಯುವುದು ಅವನ ಲೆಕ್ಕಾಚಾರ. ಜೈಲಿನಲ್ಲಿ ಕೈದಿಗಳಿಂದ ತೆಗೆಸಿದ. ಹಣ ಪಡೆದು ಇನ್ನೊಬ್ಬರ ಬದಲು ಶಿಕ್ಷೆ ಅನುಭವಿಸುವವರೂ ಇದ್ದಾರೆಂಬ ಗುಮಾನಿ ಅವನಿಗಿತ್ತು. ಮೂರನೆಯದು ದಸ್ತಾವೇಜು ನೋಂದಣಿ ಕಚೇರಿ. ಜಮೀನು ಮಾರಿದವನು ನಾಳೆ ಬಂದು 'ನಾನು ಮಾರಿಲ್ಲ' ಎನ್ನದಿರಲೆಂದು ಕ್ರಯಪತ್ರಕ್ಕೂ ಬೆರಳ ಗುರುತು ಬಂತು. ಈ ಮೂರನೆಯ ಕಚೇರಿಯನ್ನು ಓದುಗರು ನೆನಪಿಡುವುದು ಒಳ್ಳೆಯದು. ನೂರನಲವತ್ತಾರು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಅದು ಮತ್ತೆ ಎದುರಾಗುತ್ತದೆ.

ಹರ್ಷೆಲ್‌ನ ಸಲಹೆಯನ್ನು ಮೇಲಿನವರು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾವಿರಾರು ಗುರುತುಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆಂಬ ತೊಡಕು ಬಿಡಿಸುವವರೆಗೆ ಈ ವಿದ್ಯೆ ಪೂರ್ತಿ ಕೆಲಸಕ್ಕೆ ಬರುವಂತೆಯೂ ಇರಲಿಲ್ಲ. ಅದನ್ನು ಬಿಡಿಸಿದ್ದು ಕಲಕತ್ತೆಯಲ್ಲಿ. ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ನೌಕರರು ಗಣಿತದ ನೆರವಿನಿಂದ ವರ್ಗೀಕರಣದ ಕ್ರಮವನ್ನು ರೂಪಿಸಿದರು. 1897ರಲ್ಲಿ ಅಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಕ್ರಮಕ್ಕೆ ಹೆನ್ರಿಯ ಹೆಸರು ಬಂತು. ಅವನು ಅದನ್ನು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಕೊಂಡೊಯ್ದ.

ಇಷ್ಟರಲ್ಲಿ 1906 ಬಂತು. ಈ ಕಥೆಯ ಮಟ್ಟಿಗೆ ವಿಚಿತ್ರವಾದ ವರ್ಷ ಅದು.

ಆ ವರ್ಷ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಅಲ್ಲಿನ ಭಾರತೀಯರೆಲ್ಲ ಬೆರಳ ಗುರುತು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಸುಗ್ರೀವಾಜ್ಞೆಯ ಮಸೂದೆ ಹೊರಬಿತ್ತು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆ ಅದನ್ನು ಪಾಲಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಹುಟ್ಟಿದ್ದು ಬೆರಳಚ್ಚಿನ ಪ್ರಶ್ನೆಯ ಸುತ್ತ ಎಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. 1908ರ ಆರಂಭದಲ್ಲಿ ಜನರಲ್ ಸ್ಮಟ್ಸ್‌ನೊಡನೆ ರಾಜಿಯಾದಾಗ, ಬಲವಂತವಿಲ್ಲದಿದ್ದರೆ ಸ್ವಇಚ್ಛೆಯಿಂದ ಕೊಡಬಹುದೆಂದು ಗಾಂಧೀಜಿ ಒಪ್ಪಿದರು. ಇದು ದ್ರೋಹವೆಂದು ಕೆರಳಿದ ಮೀರ್ ಆಲಂ ಮತ್ತು ಅವನ ಜೊತೆಯವರು ಫೆಬ್ರವರಿ 10ರಂದು, ನೋಂದಣಿ ಕಚೇರಿಗೆ ಹೋಗುವ ದಾರಿಯಲ್ಲೇ, ಗಾಂಧೀಜಿಗೆ ಪ್ರಜ್ಞೆ ತಪ್ಪುವಂತೆ ಹೊಡೆದರು. ಎಚ್ಚರವಾದ ಮೇಲೆ ಅವರು ಹಾಸಿಗೆಯಲ್ಲಿದ್ದುಕೊಂಡೇ ಬೆರಳ ಗುರುತು ಕೊಟ್ಟರು. ಗುರುತು ಕೊಡುವುದರಲ್ಲಿ ಅವಮಾನವಿದೆಯೇ, ಅಥವಾ ಕೊಡಲೇಬೇಕೆಂಬ ಬಲವಂತದಲ್ಲಿ ಅವಮಾನವಿದೆಯೇ? ಗಾಂಧೀಜಿ ಮತ್ತು ಮೀರ್ ಆಲಂ ನಡುವಣ ಈ ಜಗಳ ಇನ್ನೂ ಇತ್ಯರ್ಥವಾಗಿಲ್ಲ.

ಅದೇ 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದ ಒಂದು ಬ್ಯಾಂಕು ತೆರೆದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕು ಎನಿಸಿತು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ್ದುದು 38 ರೂಪಾಯಿ 13 ಆಣೆ 2 ಪೈ. ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಅಕ್ಟೋಬರ್ 22ರಂದು ಮದರಾಸಿನಲ್ಲಿ ಅರ್ಬತ್‌ನಾಟ್ ಅಂಡ್ ಕಂಪೆನಿ ಬಾಗಿಲು ಮುಚ್ಚಿತು.

ಅರ್ಬತ್‌ನಾಟ್ ಸಾಮಾನ್ಯ ಹೆಸರಲ್ಲ. ಮದರಾಸು ಪ್ರಾಂತ್ಯದಲ್ಲಿ ಸರಕಾರದಷ್ಟೇ ಗಟ್ಟಿಯೆಂದು ಜನ ನಂಬಿದ್ದ ಬಿಳಿಯರ ಮನೆತನದ ಸಂಸ್ಥೆ ಅದು. ನಿವೃತ್ತ ನೌಕರರು, ವಿಧವೆಯರು, ಜಮೀನ್ದಾರರು, ವಕೀಲರು ಅಲ್ಲಿ ಹಣ ಇಟ್ಟಿದ್ದರು. ಲಂಡನ್ನಿನಲ್ಲಿದ್ದ ಪಾಲುದಾರ ಮ್ಯಾಕ್‌ಫ್ಯಾಡಿಯನ್ ಸಟ್ಟಾ ವ್ಯಾಪಾರದಲ್ಲಿ ಹಣ ಕಳೆಯುತ್ತಿರುವುದು ಇಲ್ಲಿನ ಠೇವಣಿದಾರರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವನು ರೈಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ನೊಂದವರ ಪರವಾಗಿ ನ್ಯಾಯಾಲಯದಲ್ಲಿ ಹೋರಾಡಿದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು ಮರುವರ್ಷವೇ ಇಂಡಿಯನ್ ಬ್ಯಾಂಕನ್ನು ಕಟ್ಟಿದರು.

ಗಮನಿಸಿ: ಆ ಕಾಲದಲ್ಲಿ ಗುರುತು ತಿಳಿಯದೆ ಕೆಟ್ಟವನು ಠೇವಣಿದಾರ, ಬ್ಯಾಂಕಲ್ಲ. ಗ್ರಾಹಕ ಯಾರೆಂದು ಬ್ಯಾಂಕಿಗೆ ಚೆನ್ನಾಗಿ ಗೊತ್ತಿತ್ತು.

ಕರಾವಳಿಯ ಬ್ಯಾಂಕುಗಳ ಬಲವಿದ್ದುದು ಈ ಗುರುತು ಎರಡು ಕಡೆಗೂ ಇತ್ತೆಂಬುದರಲ್ಲಿ. ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಅರ್ಧ ಶತಮಾನದ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು. ಒಂದೊಂದರ ಹಿಂದೆ ಒಂದು ಸಮುದಾಯ, ಒಂದು ಪೇಟೆ, ಹತ್ತಾರು ಪರಿಚಿತ ಮುಖಗಳು. ಡೈರೆಕ್ಟರನ ಮನೆ ಯಾವುದು, ಅವನ ಮಗಳ ಮದುವೆಗೆ ಎಷ್ಟು ಖರ್ಚಾಯಿತು ಎಂಬುದು ಠೇವಣಿದಾರನಿಗೂ ಗೊತ್ತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಉಡುಪಿಯಲ್ಲಿ ಆರಂಭಿಸಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ, ಬ್ಯಾಂಕಿನ ಏಜೆಂಟನೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಒಯ್ಯುತ್ತಿದ್ದ. ಗುರುತು ಕೇಳುವ ಪ್ರಮೇಯವೇ ಇಲ್ಲ. ಯಾರ ಅಂಗಡಿಯಲ್ಲಿ ವ್ಯಾಪಾರ ಇಳಿದಿದೆ, ಯಾವ ಮನೆಯಲ್ಲಿ ಗಂಡಸರು ಊರು ಬಿಟ್ಟಿದ್ದಾರೆ ಎಂಬುದು ಆ ಏಜೆಂಟನಿಗೆ ಯಾವ ಗಣಕಯಂತ್ರಕ್ಕಿಂತಲೂ ಮೊದಲು ತಿಳಿಯುತ್ತಿತ್ತು.

ಹಾಗೆಂದು ಆ ಕಾಲವನ್ನು ಚಿನ್ನದ ಯುಗವೆಂದು ಬಣ್ಣಿಸಬೇಕಿಲ್ಲ. ಪರಿಚಯವೇ ಆಧಾರವಾದಲ್ಲಿ ಪರಿಚಯವಿಲ್ಲದವನು ಹೊರಗೇ ಉಳಿಯುತ್ತಾನೆ. ಖಾತೆ ತೆರೆಯಲು ಹಳೆಯ ಖಾತೆದಾರನೊಬ್ಬನ ಪರಿಚಯ ಸಹಿ ಬೇಕೆಂಬ ಪದ್ಧತಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಡೆಯಿತು. ವಲಸೆ ಬಂದ ಕೂಲಿಯವನಿಗೆ ಅಂಥ ಸಹಿಯನ್ನು ಯಾರು ಕೊಡಬೇಕು? ಖಾಸಗಿತನದ ಮಾತಂತೂ ದೂರ. ಬೀದಿಯ ತುಂಬ ಪರಿಚಿತರಿದ್ದರೆ ಬೀದಿಯ ತುಂಬ ಸಾಲದ ಸುದ್ದಿಯೂ ಇರುತ್ತದೆ.

ಬ್ಯಾಂಕು ಗ್ರಾಹಕನ ಗುಟ್ಟು ಕಾಯಬೇಕೆಂಬ ನ್ಯಾಯ ಸ್ಪಷ್ಟವಾದದ್ದು 1924ರಲ್ಲಿ, ಇಂಗ್ಲೆಂಡಿನ ಒಂದು ಮೊಕದ್ದಮೆಯಲ್ಲಿ. ಟೂರ್ನಿಯರ್ ಎಂಬವನು ಬ್ಯಾಂಕಿಗೆ ಒಂಬತ್ತು ಪೌಂಡಿಗಿಂತ ತುಸು ಹೆಚ್ಚು ಬಾಕಿಯಿದ್ದ. ಮ್ಯಾನೇಜರು ಅವನ ಮನೆ ವಿಳಾಸ ಕೇಳುವ ನೆಪದಲ್ಲಿ ಅವನ ಧಣಿಗಳಿಗೆ ಫೋನು ಮಾಡಿ, ಈತ ಜೂಜಿನವರೊಡನೆ ವ್ಯವಹಾರ ಇಟ್ಟುಕೊಂಡಿದ್ದಾನೆಂದು ಹೇಳಿಬಿಟ್ಟ. ಕೆಲಸ ಹೋಯಿತು. ಗ್ರಾಹಕನ ವಿಷಯವನ್ನು ಗುಟ್ಟಾಗಿಡುವುದು ಬ್ಯಾಂಕಿನ ಕಾನೂನುಬದ್ಧ ಹೊಣೆ ಎಂದು ಅಪೀಲು ನ್ಯಾಯಾಲಯ ಹೇಳಿತು. ಭಾರತದ ನ್ಯಾಯಾಲಯಗಳೂ ಇದನ್ನು ಒಪ್ಪಿಕೊಂಡು ಬಂದಿವೆ. ರಾಷ್ಟ್ರೀಕರಣದ 1970ರ ಶಾಸನದಲ್ಲಿಯೇ ಗೋಪ್ಯತೆಯ ಕಲಮು ಇದೆ. ಅಂದರೆ ಖಾಸಗಿತನ ಎಂಬುದು ಗಣಕಯಂತ್ರದ ಕಾಲದಲ್ಲಿ ಹುಟ್ಟಿದ ನಾಜೂಕಲ್ಲ. ಒಂಬತ್ತು ಪೌಂಡಿನ ಸಾಲಗಾರನಿಗೂ ಅದು ಇತ್ತು.

ಇನ್ನು ಬ್ಯಾಂಕುಗಳ ಪೈಪೋಟಿಯ ವಿಷಯ. ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ ಹುಟ್ಟಿದ ಬ್ಯಾಂಕುಗಳು ಠೇವಣಿ ಸೆಳೆಯಲು ಹೆಚ್ಚು ಹೆಚ್ಚು ಬಡ್ಡಿ ಕೊಡತೊಡಗಿದವು. ಹೆಚ್ಚು ಬಡ್ಡಿ ಕೊಟ್ಟವನು ಹೆಚ್ಚು ಲಾಭದ ಕಡೆ, ಎಂದರೆ ಹೆಚ್ಚು ಅಪಾಯದ ಕಡೆ ಹಣ ಹೂಡಲೇಬೇಕು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು ಬಿತ್ತು. ಬೆಳ್ಳಿಯ ಸಟ್ಟಾದಲ್ಲಿ ಮುಳುಗಿದ್ದ ಮುಂಬಯಿಯ ಇಂಡಿಯನ್ ಸ್ಪೀಸೀ ಬ್ಯಾಂಕು ಬಿತ್ತು. 1914ರ ಒಂದೇ ವರ್ಷದಲ್ಲಿ ದೇಶದಲ್ಲಿ 42 ಬ್ಯಾಂಕುಗಳು ಮುಚ್ಚಿದವು. 1938ರ ಜೂನಿನಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಪಾವತಿ ನಿಲ್ಲಿಸಿದಾಗ ದಕ್ಷಿಣ ಭಾರತದ ಬೇರೆ ಬ್ಯಾಂಕುಗಳ ಮುಂದೆಯೂ ಸಾಲು ನಿಂತಿತು. ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರರ ವೈರವೇ ಅದನ್ನು ಕೆಡವಿತೆಂದು ಬ್ಯಾಂಕಿನವರೂ, ಒಳಗೇ ಟೊಳ್ಳಾಗಿತ್ತೆಂದು ದಿವಾನರ ಕಡೆಯವರೂ ವಾದಿಸಿದರು. ಹುಟ್ಟಿ ಮೂರೇ ವರ್ಷವಾಗಿದ್ದ ರಿಸರ್ವ್ ಬ್ಯಾಂಕಿಗೆ ಇತರ ಬ್ಯಾಂಕುಗಳ ಒಳಹೊಕ್ಕು ಲೆಕ್ಕ ನೋಡುವ ಅಧಿಕಾರ ಆಗ ಇರಲಿಲ್ಲ.

ಪೈಪೋಟಿಯೇ ಬ್ಯಾಂಕುಗಳನ್ನು ಕೆಡವುತ್ತದೆಯೇ ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ಅನುಭವವನ್ನು ನೋಡಿದ ಮೈಕಲ್ ಕೀಲಿ 1990ರಲ್ಲಿ ಹೀಗೆ ವಾದಿಸಿದರು: ಪೈಪೋಟಿ ಕಡಿಮೆಯಿದ್ದಾಗ ಬ್ಯಾಂಕಿನ ಪರವಾನಗಿಗೇ ಒಂದು ಬೆಲೆಯಿರುತ್ತದೆ, ಅದನ್ನು ಕಳೆದುಕೊಳ್ಳುವ ಭಯ ಬ್ಯಾಂಕನ್ನು ಹದ್ದಿನಲ್ಲಿಡುತ್ತದೆ, ಪೈಪೋಟಿ ಆ ಬೆಲೆಯನ್ನು ಕರಗಿಸಿದಾಗ ಜೂಜಿಗೆ ಧೈರ್ಯ ಬರುತ್ತದೆ. 2005ರಲ್ಲಿ ಬಾಯ್ಡ್ ಮತ್ತು ಡಿ ನಿಕೊಲೊ ಇದನ್ನು ತಲೆಕೆಳಗು ಮಾಡಿದರು. ಪೈಪೋಟಿಯಿಲ್ಲದ ಬ್ಯಾಂಕು ಸಾಲಗಾರನಿಂದ ಹೆಚ್ಚು ಬಡ್ಡಿ ಹಿಂಡುತ್ತದೆ, ಹಾಗೆ ಹಿಂಡಿಸಿಕೊಂಡವನು ದುಸ್ಸಾಹಸಕ್ಕೆ ಇಳಿಯುತ್ತಾನೆ, ಅವನು ಮುಳುಗಿದರೆ ಬ್ಯಾಂಕೂ ಮುಳುಗುತ್ತದೆ ಎಂಬುದು ಅವರ ವಾದ. ಊರಿಗೊಬ್ಬನೇ ಸಾಹುಕಾರನಿದ್ದ ಹಳ್ಳಿಗಳನ್ನು ಕಂಡವರಿಗೆ ಈ ಎರಡನೆಯ ಮಾತು ಬೇಗ ಅರ್ಥವಾಗುತ್ತದೆ. ಭಾರತದ ಇತಿಹಾಸದಲ್ಲಿ ಎರಡಕ್ಕೂ ಸಾಕ್ಷ್ಯ ಸಿಗುತ್ತದೆ. ಆದರೆ ಬಿದ್ದ ಬ್ಯಾಂಕುಗಳನ್ನು ಸಾಲಾಗಿ ನೋಡಿದರೆ ಪೈಪೋಟಿಗಿಂತ ಎದ್ದು ಕಾಣುವುದು ಮತ್ತೊಂದು ಸಂಗತಿ: ಒಳಗಿನ ಲೆಕ್ಕ ಹೊರಗಿನವರಿಗೆ ಕಾಣದಿರುವುದು.

ಆಮೇಲಿನ ಕಾಲು ಶತಮಾನವನ್ನು ಬೇಗ ದಾಟಬಹುದು. 1949ರ ಶಾಸನ ಬ್ಯಾಂಕುಗಳಿಗೆ ಪರವಾನಗಿ ಕಡ್ಡಾಯ ಮಾಡಿ, ತಪಾಸಣೆಯ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟಿತು. 1960ರ ಆಗಸ್ಟಿನಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕನ್ನು ಹೈಕೋರ್ಟಿನ ಆದೇಶದಿಂದ ಮುಚ್ಚಿಸಿದಾಗ ಎದ್ದ ಗದ್ದಲದ ಫಲವಾಗಿ 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು. ಒಬ್ಬ ಠೇವಣಿದಾರನಿಗೆ 1,500 ರೂಪಾಯಿಯವರೆಗೆ ಭದ್ರತೆ. ದುರ್ಬಲ ಬ್ಯಾಂಕುಗಳನ್ನು ಗಟ್ಟಿ ಬ್ಯಾಂಕುಗಳೊಳಗೆ ಸೇರಿಸುವ ಕೆಲಸ ಭರದಿಂದ ನಡೆಯಿತು. 1951ರಲ್ಲಿ 566 ಇದ್ದ ವಾಣಿಜ್ಯ ಬ್ಯಾಂಕುಗಳು ದಶಕ ಮುಗಿದು 1969ಕ್ಕೆ ಬರುವಷ್ಟರಲ್ಲಿ ನೂರಕ್ಕಿಂತ ಕಡಿಮೆಯಾದವು. ಶೃಂಗೇರಿ ಶಾರದಾ ಬ್ಯಾಂಕು, ಚಿತ್ರದುರ್ಗ ಬ್ಯಾಂಕು, ಬ್ಯಾಂಕ್ ಆಫ್ ಕರ್ನಾಟಕ ಇವೆಲ್ಲ ಕರ್ಣಾಟಕ ಬ್ಯಾಂಕಿನಲ್ಲಿ ಕರಗಿದ್ದು ಆಗಲೇ. 1969 ಮತ್ತು 1980ರ ರಾಷ್ಟ್ರೀಕರಣಗಳ ನಂತರ ದೊಡ್ಡ ಬ್ಯಾಂಕು ಮುಳುಗುವುದೆಂಬ ಕಲ್ಪನೆಯೇ ಜನರ ಮನಸ್ಸಿನಿಂದ ಹೋಯಿತು. ಬ್ಯಾಂಕು ಎಂದರೆ ಸರಕಾರ. ಸರಕಾರಕ್ಕೆ ಲೆಕ್ಕ ಕೇಳುವವರು ಯಾರು?

1991ರ ನರಸಿಂಹಂ ಸಮಿತಿಯ ವರದಿಯ ಬಳಿಕ ಖಾಸಗಿ ಬ್ಯಾಂಕುಗಳಿಗೆ ಮತ್ತೆ ಬಾಗಿಲು ತೆರೆಯಿತು. ಪೈಪೋಟಿಯೊಡನೆ ಹಳೆಯ ರೋಗವೂ ಮರಳಿತು: 1994ರಲ್ಲಿ ಆರಂಭವಾದ ಗ್ಲೋಬಲ್ ಟ್ರಸ್ಟ್ ಬ್ಯಾಂಕು ಹತ್ತೇ ವರ್ಷದಲ್ಲಿ ಕುಸಿದು 2004ರಲ್ಲಿ ಇನ್ನೊಂದರೊಳಗೆ ಸೇರಿತು. ಇತ್ತ 'ಗ್ರಾಹಕನನ್ನು ಅರಿಯಿರಿ' ಎಂಬ ನಿಯಮಗಳನ್ನು ರಿಸರ್ವ್ ಬ್ಯಾಂಕು 2002ರಲ್ಲಿ ಬಿಗಿಗೊಳಿಸಿತು. ಕಪ್ಪುಹಣ, ಭಯೋತ್ಪಾದನೆಯ ಹಣ ಇವುಗಳ ಭಯ ಅದರ ಹಿಂದಿತ್ತು. ಪರಿಚಯ ಸಹಿಯ ಜಾಗಕ್ಕೆ ಕಾಗದದ ಕಂತೆ ಬಂತು. 'ಬ್ಯಾಂಕನ್ನು ಅರಿಯಿರಿ' ಎಂಬ ನಿಯಮವನ್ನು ಠೇವಣಿದಾರರಿಗಾಗಿ ಯಾರೂ ಮಾಡಲಿಲ್ಲ.

ಕಾಗದದ ಕಂತೆ ಇಲ್ಲದ ಕೋಟ್ಯಂತರ ಜನರಿಗೆ ದಾರಿ ಮಾಡಿಕೊಡುವ ಭರವಸೆಯೊಡನೆ ಬಂದದ್ದು ಆಧಾರ್. 2009ರಲ್ಲಿ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ರಚನೆಯಾಯಿತು. ಹತ್ತು ಬೆರಳು, ಎರಡು ಕಣ್ಣುಪಾಪೆ, ಒಂದು ಭಾವಚಿತ್ರ, ಹನ್ನೆರಡು ಅಂಕಿ. ಇದರ ಉಪಕಾರವನ್ನು ಕಡೆಗಣಿಸಲಾಗದು. ಪರಿಚಯ ಸಹಿ ಸಿಗದ ಕೂಲಿಯವನು ಈಗ ಅರ್ಧ ಗಂಟೆಯಲ್ಲಿ ಖಾತೆ ತೆರೆಯಬಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಬಸ್ಸು ಹತ್ತಿ ಪೇಟೆಗೆ ಹೋಗದೆ ಪಿಂಚಣಿ ಪಡೆಯಬಹುದು. ಕಲ್ಲು ಒಡೆದು, ಪಾತ್ರೆ ತಿಕ್ಕಿ, ಬೀಡಿ ಕಟ್ಟಿ ಬೆರಳ ಗೆರೆ ಸವೆದವರನ್ನು ಯಂತ್ರ ಗುರುತಿಸದೆ ವಾಪಸು ಕಳಿಸುವುದೂ ಉಂಟು. ಹರ್ಷೆಲ್‌ಗೆ ಈ ತೊಡಕು ಹೊಳೆದಿತ್ತೋ ಏನೋ!

2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆಗ ಅವರಿಗೆ ಎಂಬತ್ತಾರು ವರ್ಷ. ಸಂಸತ್ತಿನ ಶಾಸನವೇ ಇಲ್ಲದೆ ಸರಕಾರ ಜನರ ದೇಹದ ಗುರುತು ಸಂಗ್ರಹಿಸಬಹುದೇ ಎಂಬುದು ಪ್ರಶ್ನೆ. 1954 ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು 2015ರಲ್ಲಿ ಸರಕಾರ ವಾದಿಸಿತು. ಆ ಒಂದು ಪ್ರಶ್ನೆಗಾಗಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತು, 2017ರ ಆಗಸ್ಟ್ 24ರಂದು ಅದು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು.

ತೀರ್ಪು ಬರುವ ಎರಡು ತಿಂಗಳ ಹಿಂದಷ್ಟೇ ಸರಕಾರ ಎಲ್ಲ ಬ್ಯಾಂಕ್ ಖಾತೆಗಳಿಗೂ ಆಧಾರ್ ಜೋಡಿಸಬೇಕೆಂದು ನಿಯಮ ಮಾಡಿತ್ತು. ಅದೇ ವರ್ಷದ ಕೊನೆಗೆ, ಪೈಪೋಟಿ ಮತ್ತು ಬೆರಳಚ್ಚು ಒಟ್ಟು ಸೇರಿದರೆ ಏನಾಗುತ್ತದೆಂದು ದೇಶ ಕಂಡಿತು. ಮೊಬೈಲ್ ಸಂಖ್ಯೆ ದೃಢಪಡಿಸಲೆಂದು ಏರ್‌ಟೆಲ್ ಅಂಗಡಿಗೆ ಹೋಗಿ ಬೆರಳಿಟ್ಟವರ ಹೆಸರಿನಲ್ಲಿ, ಅವರಿಗೆ ಸರಿಯಾಗಿ ತಿಳಿಯದಂತೆಯೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳು ತೆರೆದಿದ್ದವು. ಸರಕಾರದ ಸಹಾಯಧನ ಯಾವಾಗಲೂ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಆದ್ದರಿಂದ ಲಕ್ಷಾಂತರ ಮನೆಗಳ ಅಡುಗೆ ಅನಿಲದ ಸಬ್ಸಿಡಿ ಹಳೆಯ ಖಾತೆಗೆ ಬಾರದೆ ಈ ಹೊಸ ಖಾತೆಗಳಿಗೆ ಹರಿಯಿತು. ಪ್ರಾಧಿಕಾರ ಆ ಕಂಪೆನಿಯ ದೃಢೀಕರಣದ ಅನುಮತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು, ಹಣವನ್ನು ಹಿಂದಿರುಗಿಸಲಾಯಿತು, 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು 5 ಕೋಟಿ ರೂಪಾಯಿ ದಂಡ ಹಾಕಿತು. ಹಿಂದೆ ಬ್ಯಾಂಕುಗಳು ಠೇವಣಿಗಾಗಿ ಬಡ್ಡಿ ಏರಿಸಿ ಪೈಪೋಟಿ ನಡೆಸುತ್ತಿದ್ದವು. ಇಲ್ಲಿ ಬೇಕಾದದ್ದು ಒಂದು ಬೆರಳು ಮಾತ್ರ.

2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಆಧಾರ್ ಶಾಸನವನ್ನು ಬಹುಮತದಿಂದ ಎತ್ತಿಹಿಡಿಯಿತು. ಆದರೆ ಖಾತೆಗಳಿಗೆ ಕಡ್ಡಾಯವಾಗಿ ಜೋಡಿಸುವ ನಿಯಮವನ್ನೂ, ಖಾಸಗಿ ಕಂಪೆನಿಗಳು ಅದನ್ನು ಬಳಸಲು ಬಿಡುತ್ತಿದ್ದ ಕಲಮನ್ನೂ ಹೊಡೆದುಹಾಕಿತು. ಮರುವರ್ಷ ಶಾಸನ ತಿದ್ದುಪಡಿಯಾಗಿ, 'ಸ್ವಇಚ್ಛೆಯಿಂದ' ಕೊಡುವವರ ಆಧಾರನ್ನು ಬ್ಯಾಂಕುಗಳು ಬಳಸಬಹುದೆಂದಾಯಿತು. ಜೋಹಾನ್ಸ್‌ಬರ್ಗಿನ ಹಳೆಯ ಮಾತು ಮರಳಿ ಬಂತು. ಬೇರೆ ಕಾಗದ ಕೊಟ್ಟರೆ ಹತ್ತು ದಿನ, ಬೆರಳು ಕೊಟ್ಟರೆ ಹತ್ತು ನಿಮಿಷ ಎಂದಾದಾಗ ಅದು ಎಷ್ಟು ಸ್ವಇಚ್ಛೆ ಎಂಬುದನ್ನು ಸಾಲಿನಲ್ಲಿ ನಿಂತವರೇ ಹೇಳಬೇಕು.

ಗ್ರಾಹಕನ ಗುರುತಿನ ಬಗ್ಗೆ ಇಷ್ಟೆಲ್ಲ ನಡೆಯುತ್ತಿದ್ದಾಗ ಬ್ಯಾಂಕಿನ ಲೆಕ್ಕ ಹೇಗಿತ್ತು? 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರು ಬೆಳಗ್ಗೆ ಎದ್ದಾಗ, ಮುಂದಿನ ಆರು ತಿಂಗಳಲ್ಲಿ 1,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂಬ ಆದೇಶ ಕಂಡರು. ಒಂದೇ ಕಟ್ಟಡ ಕಂಪೆನಿಯ ಸಮೂಹಕ್ಕೆ ಮಿತಿಮೀರಿ ಸಾಲ ಕೊಟ್ಟು, ಅದನ್ನು ಮುಚ್ಚಿಡಲು 21,000ಕ್ಕೂ ಹೆಚ್ಚು ಸುಳ್ಳು ಸಾಲದ ಖಾತೆಗಳನ್ನು ಬ್ಯಾಂಕಿನೊಳಗೇ ಸೃಷ್ಟಿಸಲಾಗಿತ್ತೆಂದು ತನಿಖೆಯಲ್ಲಿ ಹೊರಬಿತ್ತು. ನೂರು ರೂಪಾಯಿಯ ಖಾತೆಗೆ ಗುರುತಿನ ಚೀಟಿಯ ಪ್ರತಿ ಕೇಳುವ ಜಾಗದಲ್ಲಿ ಇಪ್ಪತ್ತೊಂದು ಸಾವಿರ ಮಂದಿ ಇಲ್ಲದ ಗ್ರಾಹಕರು ವರ್ಷಗಟ್ಟಲೆ ಕುಳಿತಿದ್ದರು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಹಣ ತೆಗೆಯುವ ಮಿತಿ 35,000 ರೂಪಾಯಿಗೆ ಇಳಿದಾಗ ಬಸವನಗುಡಿಯ ನಿವೃತ್ತರಿಗೂ ಇದೇ ಅನುಭವವಾಯಿತು. ಮರುತಿಂಗಳು ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 1 ಲಕ್ಷದ ಮಿತಿ 1993ರಿಂದ ಹಾಗೆಯೇ ಇತ್ತು.

ಇಂಥ ಬ್ಯಾಂಕುಗಳ ಒಳಗನ್ನು ರಿಸರ್ವ್ ಬ್ಯಾಂಕು ಕಾಲಕಾಲಕ್ಕೆ ತಪಾಸಣೆ ಮಾಡುತ್ತದೆ. ಆ ವರದಿಗಳನ್ನು ಸಾರ್ವಜನಿಕರಿಗೆ ಕೊಡುವುದೇ? ಗುಟ್ಟು ಕಾಯುವುದು ತನ್ನ ಹೊಣೆ ಎಂದು ರಿಸರ್ವ್ ಬ್ಯಾಂಕು ವಾದಿಸಿತು. 2015ರ ಡಿಸೆಂಬರಿನಲ್ಲಿ, ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಮಾಹಿತಿ ಹಕ್ಕಿನಡಿ ಕೊಡಬೇಕೆಂದಿತು. ಬ್ಯಾಂಕುಗಳು ಸುಮ್ಮನಿರಲಿಲ್ಲ. ವರದಿ ಬಯಲಾದರೆ ಗ್ರಾಹಕರ ಖಾಸಗಿತನಕ್ಕೆ ಧಕ್ಕೆ ಎಂದು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದವು. 2022ರಲ್ಲಿ ಅವುಗಳ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಂಡ ಪೀಠ, ಹಿಂದಿನ ತೀರ್ಪು ಖಾಸಗಿತನದ ಹಕ್ಕನ್ನು ತೂಗಿನೋಡಿಲ್ಲವೆಂದು ಹೇಳುತ್ತ ಉಲ್ಲೇಖಿಸಿದ್ದು ಪುಟ್ಟಸ್ವಾಮಿ ತೀರ್ಪನ್ನೇ. ತನ್ನ ಬೆರಳ ಗುರುತು ತನ್ನದೆಂದು ಎಂಬತ್ತಾರರ ವೃದ್ಧರೊಬ್ಬರು ಗೆದ್ದುಕೊಟ್ಟ ಹಕ್ಕು ತಪಾಸಣಾ ವರದಿಗಳಿಗೆ ಹೊದಿಕೆಯಾಗಬಹುದೆಂದು ಆಗ ಯಾರು ಊಹಿಸಿದ್ದರು? ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಕೊನೆಯದಾಗಿ ಆ ಮೂರನೆಯ ಕಚೇರಿ. ನೋಂದಣಿ ಶಾಸನಕ್ಕೆ 2001ರಲ್ಲಿ ಆದ ತಿದ್ದುಪಡಿಯಂತೆ, ದಸ್ತಾವೇಜು ಮಾಡಿಸುವವರು ಭಾವಚಿತ್ರದ ಜೊತೆ ಬೆರಳ ಗುರುತನ್ನೂ ಕೊಡಬೇಕು. ಹೂಗ್ಲಿಯಲ್ಲಿ ಅದು ಬೀರುವಿನಲ್ಲಿ ಉಳಿಯುತ್ತಿತ್ತು. ಈಗ ದಸ್ತಾವೇಜು ಗಣಕಯಂತ್ರದಲ್ಲಿದೆ, ನಕಲು ಬೇಕೆಂದವರಿಗೆ ಜಾಲತಾಣದಲ್ಲಿ ಸಿಗುತ್ತದೆ. ಹಳ್ಳಿಯ ಅಂಗಡಿಯ ಯಂತ್ರದಿಂದ ಹಣ ತೆಗೆಯಲು ಬೇಕಾದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು, ಇಷ್ಟೇ. ಗುಟ್ಟಿನ ಸಂಖ್ಯೆಯೂ ಬೇಡ, ಕಾರ್ಡೂ ಬೇಡ. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಇದ್ದು ಬೆರಳ ಗುರುತೂ ಇದ್ದರೆ ಕಳ್ಳನಿಗೆ ಇನ್ನೇನು ಬೇಕು? ಆಂಧ್ರಪ್ರದೇಶದ ನೋಂದಣಿ ದಾಖಲೆಗಳಿಂದ ಗುರುತುಗಳನ್ನು ಎತ್ತಿ ನಕಲಿ ಬೆರಳು ತಯಾರಿಸುತ್ತಿದ್ದ ತಂಡವೊಂದು 2022ರಲ್ಲಿ ಹೈದರಾಬಾದಿನ ಪೊಲೀಸರಿಗೆ ಸಿಕ್ಕಿತು. 2023ರಲ್ಲಿ ಬೆಂಗಳೂರಿನಲ್ಲೂ ದೂರುಗಳು ಬಂದವು. ಮನೆ, ನಿವೇಶನ ನೋಂದಣಿ ಮಾಡಿಸಿದ ಬಳಿಕ, ತಾವು ಎಲ್ಲಿಯೂ ಬೆರಳಿಡದಿದ್ದರೂ ಖಾತೆಯಿಂದ ಹಣ ಹೋಗಿದೆ ಎಂದರು ಜನ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ದಸ್ತಾವೇಜುಗಳ ಮೇಲೆ ಅನುಮಾನ ಬಿತ್ತು.

ಮಾರಿದವನು ಮಾತಿಗೆ ತಪ್ಪದಿರಲೆಂದು ಹರ್ಷೆಲ್ ಕಾಗದಕ್ಕೆ ಒತ್ತಿಸಿದ ಗುರುತು ಮಾರಿದವನ ಖಾತೆಗೇ ಬೀಗದಕೈಯಾಗಿತ್ತು. ಸಹಿ ಕದ್ದರೆ ಸಹಿ ಬದಲಾಯಿಸಬಹುದು, ಗುಟ್ಟಿನ ಸಂಖ್ಯೆ ಕದ್ದರೆ ಹೊಸತು ಪಡೆಯಬಹುದು. ಬೆರಳು ಕದ್ದರೆ ಉಳಿದ ಒಂಬತ್ತನ್ನು ಎಣಿಸಬೇಕಷ್ಟೆ. ಪ್ರಾಧಿಕಾರ, ಯಂತ್ರದ ಮೇಲಿರುವುದು ಜೀವಂತ ಬೆರಳೇ ಎಂದು ಪರೀಕ್ಷಿಸುವ ಹೊಸ ಕ್ರಮವನ್ನು ತಂದಿದೆ. ಬೇಡದವರು ತಮ್ಮ ಬೆರಳಚ್ಚಿನ ಬಳಕೆಗೆ ಬೀಗ ಹಾಕಿಸಿಕೊಳ್ಳಲೂ ಅವಕಾಶವಿದೆ. ಕರ್ನಾಟಕ ಸರಕಾರ, ಜಾಲತಾಣದಲ್ಲಿ ಕಾಣುವ ದಸ್ತಾವೇಜುಗಳಲ್ಲಿ ಹೆಬ್ಬೆಟ್ಟಿನ ಗುರುತನ್ನು ಮರೆಮಾಡುವ ಕೆಲಸಕ್ಕೆ ಕೈಹಾಕಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುರುತು ತೆಗೆಯುವುದು ಮಾತ್ರ ಎಂದಿನಂತೆ ನಡೆದಿದೆ.